ಕತಕದೃಷ್ಟಾಂತದ ಸಾಧುತ್ವವಿಚಾರ

ಎಲೆಯ ಕಷಾಯದಿಂದ ಬೆಳ್ಳಿ, ಕಬ್ಬಿಣ ಮೊದಲಾದ ಲೋಹಗಳ ನ್ಯಾನೋಕಣಗಳನ್ನು ಪಡೆದು ಮಲಿನಜಲವನ್ನು ಶೋಧಿಸುವ ನೂತನ ಕ್ರಮವನ್ನು ಕೇಳಿದೊಡನೆ, “ಇದು ನಮ್ಮ ಪೂರ್ವಿಕರ ಕತಕವೇ” ಎನ್ನುವ ಆಸೆ ಸಂಸ್ಕೃತಜ್ಞರಿಗೆ ಸಹಜವಾದುದು. ಈ ಸಾಮ್ಯವು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ಕತಕವೆಂದರೆ ಚಿಲ್ಲದ ಬೀಜ. ಸುಶ್ರುತನು ಕಲುಷಜಲದ ಪ್ರಸಾದನಕ್ಕೆ ಎಣಿಸಿರುವ ಏಳು ವಸ್ತುಗಳಲ್ಲಿ ಇದೇ ಮೊದಲನೆಯದು. ಇದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯ 6ನೆಯ ಅಧ್ಯಾಯವು ಹೇಳುತ್ತದೆ. ವಿದ್ವತ್ಸಂಗದಿಂದ ಮಂದನೂ ಪಟುವಾಗುವುದಕ್ಕೆ ಮಾಲವಿಕಾಗ್ನಿಮಿತ್ರದಲ್ಲಿ ಇದೇ ಉಪಮಾನ. ಇಲ್ಲೆಲ್ಲ ಬೀಜದ ಸತ್ತ್ವವು ತೇಲುವ ಮಣ್ಣಿನ ಕಣಗಳನ್ನು ಒಂದುಗೂಡಿಸಿ ತಳಕ್ಕಿಳಿಸುವುದಷ್ಟೆ. ಕೊಂಡಜ್ಜಿಯ ಕೆರೆಗೆ ಮಳೆಗಾಲದಲ್ಲಿ ಇಳಿದುಬರುವ ಕೆನ್ನೀರಿಗೆ ಈ ಉಪಾಯವು ಸಾಕಾದೀತು.

ನ್ಯಾನೋಕಣಗಳ ರೀತಿಯೇ ಬೇರೆ. 2004ರಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದವರು ಬೇವಿನೆಲೆಯ ಕಷಾಯದಿಂದ ಬೆಳ್ಳಿ ಮತ್ತು ಚಿನ್ನದ ಕಣಗಳನ್ನು ಪಡೆದುದನ್ನು ಪ್ರಕಟಿಸಿದರು. ಅಲ್ಲಿ ಸಸ್ಯವು ಲವಣದಿಂದ ಲೋಹವನ್ನು ಬಿಡಿಸುತ್ತದೆ. ನೀರಿನ ಮೇಲೆ ವರ್ತಿಸುವುದು ಆ ಲೋಹವೇ ಹೊರತು ಸಸ್ಯವಲ್ಲ. ಕರಣವನ್ನು ಕರ್ತೃವೆಂದು ಭ್ರಮಿಸುವುದು ಮೊದಲನೆಯ ದೋಷ.

ಪ್ರಸಾದವನ್ನೇ ಶುದ್ಧಿಯೆಂದು ಬಗೆಯುವುದು ಎರಡನೆಯದು. ಮೆಥಿಲೀನ್ ನೀಲಿಯೆಂಬ ಬಣ್ಣದ ನೀರಿಗೆ ಸೋಡಿಯಂ ಬೋರೋಹೈಡ್ರೈಡನ್ನು ಬೆರೆಸಿ ಬೆಳ್ಳಿಯ ಕಣಗಳನ್ನು ಹಾಕಿದರೆ ನೀಲಿಯು ಬೇಗನೆ ಮಾಯವಾಗುತ್ತದೆ. ಆದರೆ ಬಣ್ಣದ ಅಣುವು ವರ್ಣಹೀನವಾಗಿ ನೀರಿನಲ್ಲಿಯೇ ಉಳಿದಿರಬಹುದು. ಗಾಳಿ ಸೋಂಕಿದರೆ ಪುನಃ ನೀಲಿಯಾಗಲೂಬಹುದು. ಕಣ್ಣಿಗೆ ತಿಳಿಯಾದುದೆಲ್ಲ ಕುಡಿಯಲು ತಕ್ಕುದಲ್ಲ.

ಹಾಗಾದರೆ ದೃಷ್ಟಾಂತವನ್ನು ತ್ಯಜಿಸಬೇಕೆ? ತ್ಯಜಿಸಬೇಕಾಗಿಲ್ಲ. ಶಂಕರರ ಹೆಸರಿನಲ್ಲಿ ಪ್ರಸಿದ್ಧವಾದ ಆತ್ಮಬೋಧವು, ಜ್ಞಾನವು ಅಜ್ಞಾನಮಲವನ್ನು ಕಳೆದು, ಕತಕದ ಪುಡಿಯಂತೆ ತಾನೂ ಇಲ್ಲವಾಗುವುದೆಂದು ಹೇಳುತ್ತದೆ. ಶೋಧಕವು ತಾನೇ ಮಲವಾಗಿ ಉಳಿಯಬಾರದೆಂಬುದು ಇದರ ತಾತ್ಪರ್ಯ. ಬೆಳ್ಳಿಯ ಕಣಗಳು ಜಲಚರಗಳಿಗೆ ವಿಷಪ್ರಾಯವಾಗಬಲ್ಲವಾದುದರಿಂದ ಈ ನಿಯಮವು ಇಲ್ಲಿ ಪೂರ್ಣವಾಗಿ ಅನ್ವಯಿಸುತ್ತದೆ. ಕೆಲಸ ಮುಗಿದ ಬಳಿಕ ಅಯಸ್ಕಾಂತದಿಂದ ಹಿಂದೆ ಸೆಳೆಯಬಹುದಾದ ಕಬ್ಬಿಣದ ಆಕ್ಸೈಡಿನ ಕಣಗಳೇ ಕತಕನ್ಯಾಯಕ್ಕೆ ಹೆಚ್ಚು ಸಮೀಪವೆನ್ನಬೇಕು.

ಇದು ಕೇವಲ ಶಬ್ದಚರ್ಚೆಯಲ್ಲ. ಹರಿಹರದ ಎದುರುದಡದಲ್ಲಿರುವ ಕುಮಾರಪಟ್ಟಣದ ಕಾರ್ಖಾನೆಯ ಹೊರನೀರಿನ ವಿಷಯವಾಗಿ 1980ರ ದಶಕದಲ್ಲಿ ಜನರು ಚಳವಳಿಯನ್ನೇ ನಡೆಸಿದರು. ತುಂಗಭದ್ರೆಯ ನೀರನ್ನು ಕುಡಿಯುವವರಿಗೆ “ಶುದ್ಧ”ವೆಂಬ ಪದವು ಅಲಂಕಾರವಲ್ಲ, ಭರವಸೆ. ಆದುದರಿಂದ ಅಧ್ಯಾಪಕರು ಈ ಉಪಮೆಯನ್ನು ಬಳಸುವಾಗ ಅದರ ಉತ್ತರಾರ್ಧವನ್ನೂ ವಿದ್ಯಾರ್ಥಿಗಳಿಗೆ ಬೋಧಿಸುವುದು ಯುಕ್ತವೆಂದು ತೋರುತ್ತದೆ.