ಹೊಳಪಿನಲ್ಲಿ ಕಳೆದುಹೋಗುವ ಜಾವಾ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಗಾಡಿಗಳಿಗೆ ಉಪಚಾರ ಮಾತ್ರ ಈಗ ಜೋರಾಗಿದೆ. ಜುಲೈ ತಿಂಗಳ ಎರಡನೇ ಭಾನುವಾರ, ಅಂತರರಾಷ್ಟ್ರೀಯ ಜಾವಾ ದಿನ, ಸಾಲಾಗಿ ನಿಲ್ಲುವ ಜಾವಾ, ಯೆಜ್ಡಿಗಳನ್ನು ನೋಡಬೇಕು. ಮುಖ ಕಾಣುವಷ್ಟು ಕ್ರೋಮು, ಒಂದು ಗೀರೂ ಇಲ್ಲದ ಮರೂನ್ ಟ್ಯಾಂಕು. ದೂರದಿಂದ ಖುಷಿ ಕೊಡುವ ಆ ಸಾಲು ಹತ್ತಿರ ಹೋದಾಗ ಸಪ್ಪೆ ಅನಿಸುತ್ತದೆ. ಎಲ್ಲವೂ ಒಂದೇ ಪೇಂಟ್ ಬೂತಿನಿಂದ ಬಂದವು. ಅರವತ್ತರ ದಶಕದ ಗಾಡಿಯ ಮೈಮೇಲೆ ಅದರ ವಯಸ್ಸೇ ಇಲ್ಲ.

ಮನೆಯ ಪಡಸಾಲೆಯಲ್ಲೋ ಕಾರ್ ಷೆಡ್ಡಿನಲ್ಲೋ ಕೂತು ರೆಸ್ಟೋರ್ ಮಾಡುವವರ ಕೆಲಸ ನನಗೆ ಇದಕ್ಕಿಂತ ಮೇಲು. ಅವರ ಕೈಚಳಕ ದೊಡ್ಡದು ಅಂತಲ್ಲ. ಅವರಿಗೆ ಗಡುವಿಲ್ಲ, ಹಾಗಾಗಿ ಏನನ್ನು ಬಿಸಾಡಬೇಕು, ಏನನ್ನು ಉಳಿಸಬೇಕು ಅಂತ ಯೋಚಿಸಲು ಪುರುಸೊತ್ತಿದೆ. ಪೂರ್ತಿ ಗುತ್ತಿಗೆ ಹಿಡಿದ ಗ್ಯಾರೇಜಿನವನು ಹಳೆಯ ಬಣ್ಣ ಕಂಡ ಕೂಡಲೇ ಕೆರೆದು ಹಾಕುತ್ತಾನೆ. ಟ್ಯಾಂಕಿನ ಅಂಚಿನಲ್ಲಿ ಕಾರ್ಖಾನೆಯ ಕೆಲಸಗಾರ ಕುಂಚ ಹಿಡಿದು ಎಳೆದ ಚಿನ್ನದ ಬಣ್ಣದ ಗೆರೆಯೂ ಅದರ ಜೊತೆ ಹೋಗುತ್ತದೆ. ಆ ಗೆರೆ ತಿರುವಿನಲ್ಲಿ ಕೂದಲೆಳೆಯಷ್ಟು ದಪ್ಪವಾಗಿರುತ್ತದೆ. ಅದರ ಜಾಗಕ್ಕೆ ಬರುವ ಸ್ಟಿಕ್ಕರ್ ಎಲ್ಲಿ ನೋಡಿದರೂ ಒಂದೇ ಅಳತೆ.

ಮನೆಯ ಕೆಲಸಕ್ಕೆ ಜಾವಾ ಒಳ್ಳೆಯ ಆಯ್ಕೆ ಎನ್ನಲು ಕಾರಣವಿದೆ. ಜೆಕೊಸ್ಲೊವಾಕಿಯಾದ ವಿನ್ಯಾಸವನ್ನು ತಂದು ಇರಾನಿ ಕುಟುಂಬ 1961ರಿಂದ ಮೈಸೂರಿನಲ್ಲಿ ತಯಾರಿಸಿದ ಈ 250 ಸಿಸಿ ಗಾಡಿಗೆ ಇರುವುದು ಒಂದೇ ಸಿಲಿಂಡರು. ಸೈಲೆನ್ಸರು ಮಾತ್ರ ಎರಡು. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟ್ಯಾಪೆಟ್ ಹೊಂದಿಸುವ ರಗಳೆಯೂ ಇಲ್ಲ. ಕಿಕ್ಕರೂ ಗೇರೂ ಒಂದೇ ಕೋಲು. ಗೇರ್ ತುಳಿದರೆ ಕ್ಲಚ್ ತಾನೇ ಬಿಡುತ್ತದೆ. ಕಾರ್ಬುರೇಟರ್ ತೊಳೆಯುವುದು, ಪಾಯಿಂಟ್ ಉಜ್ಜುವುದು, ಸೈಲೆನ್ಸರಿನ ಬ್ಯಾಫಲ್ ಎಳೆದು ಕರಿ ಕೆರೆಯುವುದು, ಬ್ರೇಕ್ ಶೂ ಬದಲಿಸುವುದು, ಇವಕ್ಕೆಲ್ಲ ಒಂದು ಪೆಟ್ಟಿಗೆ ಸ್ಪ್ಯಾನರ್ ಸಾಕು.

ಆದರೆ ಪಡಸಾಲೆಗೂ ಒಂದು ಮಿತಿಯಿದೆ. ಎಡಗಡೆಯ ಕ್ರ್ಯಾಂಕ್ ಆಯಿಲ್ ಸೀಲನ್ನೇ ನೋಡಿ. ಅದು ಒಣಗಿ ಸೀಳಿದರೆ ಪಕ್ಕದ ಗೇರ್ ಆಯಿಲನ್ನು ಎಂಜಿನ್ನೇ ಹೀರಿಕೊಂಡು ಸುಡುತ್ತದೆ. ಹಿಂದೆ ಬೀದಿ ತುಂಬ ಬಿಳಿ ಹೊಗೆ, ಗೇರ್ ಬಾಕ್ಸಿನ ಎಣ್ಣೆ ಇಳಿಯುತ್ತಲೇ ಇರುತ್ತದೆ. ಬಲಗಡೆಯದು ಹೋದರೆ ಎಣ್ಣೆಯ ಬದಲು ಗಾಳಿ ನುಗ್ಗುತ್ತದೆ, ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಸ್ಟಾರ್ಟ್ ಆದರೆ ಐಡ್ಲಿಂಗ್ ನಿಲ್ಲದೆ ಏರುತ್ತದೆ. ಹೊಗೆ ಕಂಡು 'ಪೆಟ್ರೋಲಿಗೆ ಟೂಟಿ ಆಯಿಲ್ ಜಾಸ್ತಿಯಾಯ್ತು' ಅಂದುಕೊಂಡು ತಿಂಗಳುಗಟ್ಟಲೆ ಕಾರ್ಬುರೇಟರ್ ತಿರುವುತ್ತ ಕೂರುವವರಿದ್ದಾರೆ. ಸೀಲಿಗೆ ಕೊಡುವುದು ಚಿಲ್ಲರೆ ಕಾಸು. ಎಡಗಡೆಯದಕ್ಕೆ ಕೈ ಹೋಗಬೇಕಾದರೆ ಪ್ರೈಮರಿ ಚೈನು, ಕ್ಲಚ್ಚು ಬಿಚ್ಚಬೇಕು. ಅಷ್ಟರ ತನಕ ಮನೆಯಲ್ಲಿ ಆದೀತು. ಒತ್ತಿ ಕೂರಿಸಿದ ಕ್ರ್ಯಾಂಕನ್ನೇ ಬಿಡಿಸಿ ಬಿಗ್ ಎಂಡ್ ಬೇರಿಂಗ್ ಹಾಕಬೇಕೆಂದರೆ ಪ್ರೆಸ್ಸೂ ಡಯಲ್ ಗೇಜೂ ಇರುವ ಲೇತ್ ಅಂಗಡಿಗೇ ಹೋಗಬೇಕು. ಸುತ್ತಿಗೆಯಿಂದ ಹೊಡೆದು ಸರಿ ಮಾಡಿದೆ ಎನ್ನುವವರ ಗಾಡಿಯ ಮೇಲೆ ಕೂತರೆ ಹ್ಯಾಂಡಲ್ ನಡುಗುವುದು ಅಂಗೈಗೆ ಗೊತ್ತಾಗುತ್ತದೆ. ಬೋರಿಂಗ್, ಕ್ರೋಮ್ ಪ್ಲೇಟಿಂಗ್ ಸಹ ಹೊರಗಿನ ಕೆಲಸವೇ. ಇದರಲ್ಲಿ ಅವಮಾನವೇನಿಲ್ಲ.

ಆರು ವೋಲ್ಟಿನ ವೈರಿಂಗ್ ಬಗ್ಗೆ ಶುದ್ಧಾಚಾರಿಗಳಿಗೂ ನನಗೂ ತಕರಾರು. ಹೆಡ್‌ಲೈಟಿನ ಆ ಮಂದ ಬೆಳಕಿನಲ್ಲಿ ಇಂದಿನ ಹೆದ್ದಾರಿಗೆ ಇಳಿಯುವುದು ಹುಚ್ಚು. ಹನ್ನೆರಡು ವೋಲ್ಟಿಗೆ ಬದಲಿಸಲಿ, ಮೂಲ ಡೈನಮೊ ಗುಜರಿಗೆ ಹೋಗದೆ ಬಟ್ಟೆ ಸುತ್ತಿಕೊಂಡು ಮನೆಯಲ್ಲೇ ಇರಲಿ. ಮರಳಿ ಜೋಡಿಸಬಲ್ಲ ಬದಲಾವಣೆಗೆ ನನ್ನ ವಿರೋಧವಿಲ್ಲ. ಅಂದಕ್ಕೆಂದು ಚಾಸಿ ಕೊಯ್ಯುವುದು, ಬೇರೆ ಮಾದರಿಯ ಟ್ಯಾಂಕು ತಗುಲಿಸಿ 'ಒರಿಜಿನಲ್' ಎಂದು ಮಾರುವುದು ಬೇರೆ ಮಾತು. ಯೆಜ್ಡಿ ರೋಡ್‌ಕಿಂಗ್‌ಗೆ ಹಳೆಯ ಜಾವಾದ ವೇಷ ಹಾಕಿದವರು ಸಾಕಷ್ಟಿದ್ದಾರೆ. ಎಂಜಿನ್ನಿನ ನಂಬರನ್ನು ಆರ್‌ಸಿ ಪುಸ್ತಕದೊಂದಿಗೆ ಹೋಲಿಸಿದರೆ ಬಣ್ಣ ಬಯಲಾಗುತ್ತದೆ.

ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ತಂದ 'ವಿಎ' ನೋಂದಣಿಯ ನಿಯಮ ಈ ವಿಷಯದಲ್ಲಿ ಅನೇಕ ರೆಸ್ಟೋರರುಗಳಿಗಿಂತ ಬುದ್ಧಿವಂತ. ಚಾಸಿ, ಎಂಜಿನ್ನು ಗಣನೀಯವಾಗಿ ಬದಲಾಗಿರಬಾರದು ಎನ್ನುತ್ತದೆ, ಹೊಳಪಿನ ಮಾತೇ ಎತ್ತುವುದಿಲ್ಲ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನನಗೆ ಒಪ್ಪಿಗೆಯಾಗದ್ದು ಇನ್ನೊಂದು ಷರತ್ತು: ಆ ನಂಬರ್ ಪ್ಲೇಟಿನ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಓಡದೆ ನಿಂತ ಟೂ ಸ್ಟ್ರೋಕಿನಲ್ಲಿ ಸೀಲು ಒಣಗುತ್ತದೆ, ಟ್ಯಾಂಕಿನೊಳಗೆ ತುಕ್ಕು ಕೂರುತ್ತದೆ, ಜೆಟ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಆರ್‌ಟಿಒ ಕಚೇರಿಯಲ್ಲಿ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ, ಹಳೆಯ ನಂಬರನ್ನೇ ಉಳಿಸಿಕೊಂಡು, ದೇವರಾಜ ಮಾರ್ಕೆಟ್ಟಿನಿಂದ ತರಕಾರಿ ಚೀಲ ನೇತುಹಾಕಿಕೊಂಡು ಬರುವ ಜಾವಾದವನ ಪರ ನಾನು.