ಡ್ರಮ್ಮರ್ ಕುಡಿದರೆ ಲೆಜೆಂಡ್

ಮೊನ್ನೆ 'ದ ಡರ್ಟ್' ಇನ್ನೊಂದ್ಸಲ ನೋಡಿದೆ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಬಿದ್ದು ಬಿದ್ದು ನಕ್ಕಿದ್ದೆ. ಮಾಟ್ಲಿ ಕ್ರೂ ಬ್ಯಾಂಡಿನ ನಾಲ್ವರು ಎಂಬತ್ತರ ದಶಕದ ಲಾಸ್ ಏಂಜಲೀಸ್‌ನಲ್ಲಿ ಕುಡಿದದ್ದು, ಚುಚ್ಚಿಕೊಂಡದ್ದು, ಹೋಟೆಲ್ ರೂಮು ಪುಡಿ ಮಾಡಿದ್ದು, ಎಲ್ಲ ಅದರಲ್ಲಿದೆ. 2001ರಲ್ಲಿ ಅವರೇ ಹೇಳಿಕೊಂಡ ಪುಸ್ತಕದ ಸಿನಿಮಾ ಅದು. ಈಜುಕೊಳದ ಪಕ್ಕ ಓಜಿ ಆಸ್ಬೋರ್ನ್ ಇರುವೆ ಸಾಲನ್ನು ಮೂಗಿಗೆಳೆದುಕೊಳ್ಳೋ ಸೀನು ಈಗಲೂ ತಮಾಷೆಯಾಗೇ ಇದೆ. ಆದರೆ ಸಿನಿಮಾದ ಲೆಕ್ಕ ಸರಿಯಿಲ್ಲ ಅನ್ನಿಸ್ತು.

1984ರ ಡಿಸೆಂಬರಿನಲ್ಲಿ ಗಾಯಕ ವಿನ್ಸ್ ನೀಲ್ ಕುಡಿದು ಕಾರು ಓಡಿಸಿದ. ಪಕ್ಕದಲ್ಲಿ ಕೂತಿದ್ದ ಹನೊಯಿ ರಾಕ್ಸ್ ಬ್ಯಾಂಡಿನ ಡ್ರಮ್ಮರ್ ರಾಜಲ್ ಸತ್ತ, ಎದುರಿನ ಕಾರಿನಲ್ಲಿದ್ದ ಇಬ್ಬರಿಗೆ ಭಾರೀ ಪೆಟ್ಟಾಯ್ತು. ನೀಲ್ ಒಂದು ತಿಂಗಳೂ ಜೈಲಲ್ಲಿರಲಿಲ್ಲ. ಸಿನಿಮಾಕ್ಕೆ ಇದು ನೀಲ್‌ನ ದುಃಖ, ಅಷ್ಟೇ. ಸ್ವಲ್ಪ ಹೊತ್ತು ಮುಖ ಸಣ್ಣಗೆ ಮಾಡ್ಕೊಂಡು ಕೂತು ಮತ್ತೆ ಪಾರ್ಟಿಗೆ ಹೊರಡುತ್ತೆ. ಎದುರಿನ ಕಾರಿನವರು ಯಾರಿಗೂ ಬೇಕಾಗಿಲ್ಲ.

ನಮಗೂ ಬೇಕಾಗಿರಲಿಲ್ಲ. ಬೆಂಗಳೂರಿನ ಪಿಜಿಯ ಒಂದೇ ರೂಮಲ್ಲಿ ನಾವು ನಾಲ್ವರು: ಶ್ರೀರಂಗಪಟ್ಟಣದವನೊಬ್ಬ, ಕೆ.ಆರ್. ಪೇಟೆಯವನೊಬ್ಬ, ನಾಗಮಂಗಲದವನೊಬ್ಬ, ಪಾಂಡವಪುರದ ನಾನು. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಆಡಿದ ದಿನದಿಂದ ನಮಗೆ ಕಪ್ಪು ಟೀ ಶರ್ಟೇ ಯೂನಿಫಾರ್ಮು. ಲೆಡ್ ಜೆಪ್ಪೆಲಿನ್ನಿನ ಡ್ರಮ್ಮರ್ ಜಾನ್ ಬಾನಮ್ 1980ರಲ್ಲಿ ವೋಡ್ಕಾ ಕುಡಿದೂ ಕುಡಿದೂ 32ನೇ ವಯಸ್ಸಿಗೇ ಸತ್ತ ಕಥೇನ ನಾವು ಕುರುಕ್ಷೇತ್ರದ ಥರ ಹೇಳ್ತಿದ್ವಿ. ಕುಡಿದದ್ದು ಜಾಸ್ತಿಯಾದಷ್ಟೂ ಬಡಿತದಲ್ಲಿ ಸತ್ಯ ಜಾಸ್ತಿ ಅಂತ ನಂಬಿದ್ವಿ. ರಾಕ್ ಪತ್ರಿಕೆಗಳು ದಶಕಗಟ್ಟಲೆ ಮಾರಿದ್ದೂ ಇದನ್ನೇ, ಕೊಂಡ್ಕೊಳ್ಳೋಕೆ ನಮ್ಮಂಥೋರು ರೆಡಿ ಇದ್ವಿ.

ಅದೇ ನಾವು ಹಬ್ಬಕ್ಕೆ ಊರಿಗೆ ಹೋದರೆ? ಮಾರಿಹಬ್ಬದ ರಾತ್ರಿ ಹುಲ್ಲು ಉರಿಹಚ್ಚಿ ತಮಟೆ ಕಾಯಿಸ್ತಾರೆ, ಚರ್ಮ ಬಿಗಿಯಾಗಲಿ ಅಂತ. ಆಮೇಲೆ ಬೆಳಗಿನ ತನಕ ಬಡಿತ. ಎದೆಗೂಡು ಅದುರೋ ವಿಷಯಕ್ಕೆ ಬಂದರೆ ಡಬಲ್ ಬಾಸ್ ಡ್ರಮ್ಮು ಅದರ ಮುಂದೆ ಸಪ್ಪೆ. ಕೂಲಿ ಜೊತೆಗೊಂದು ಬಾಟ್ಲಿ ಕೊಡೋದು ನಮ್ಮೂರಲ್ಲಿ ರೂಢಿ, ಬೆಳಗಾಗೋ ತನಕ ಕೈ ಸೋಲಬಾರದಲ್ಲ. ಆ ಬಾಟ್ಲಿ ಕುಡಿದು ಅವರಲ್ಲೊಬ್ಬ ಮುಗ್ಗರಿಸಿದರೆ ನಮ್ಮ ಬಾಯಲ್ಲಿ ಬರ್ತಿದ್ದದ್ದು 'ಲೆಜೆಂಡ್' ಅಲ್ಲ. ಬರ್ತಿದ್ದ ಮಾತಲ್ಲಿ ಕುಡಿತದ ಜೊತೆ ಜಾತೀನೂ ಇರ್ತಿತ್ತು. ಬಡಿತ ದೇವರಿಗೆ ಬೇಕು, ಬಡಿಯೋನು ಗುಡಿಯ ಹೊರಗೇ ನಿಲ್ಲಬೇಕು. ತಮಟೆ ಕೆಳಗಿಡಿ ಅಂತ ದಲಿತ ಚಳವಳಿ ಹೇಳಿದ್ದು ಸುಮ್ಮನೆ ಅಲ್ಲ.

2011ರ ಅಕ್ಟೋಬರ್ 30. ಮೆಟಾಲಿಕಾ, ಅದೇ ಅರಮನೆ ಮೈದಾನ. ಎರಡು ದಿನ ಮುಂಚೆ ಗುರಗಾಂವ್ ಶೋ ರದ್ದಾಗಿ ಜನ ಸ್ಟೇಜು ಮುರಿದಿದ್ರು. ನಾವದನ್ನ 'ಪಕ್ಕಾ ಮೆಟಲ್' ಅಂದಿದ್ವಿ. ಶೋ ಮಧ್ಯೆ ನಾಗಮಂಗಲದವನು ನನ್ನ ಕಿವಿಗೆ ಬಾಯಿಟ್ಟು, ಲಾರ್ಸ್ ಉಲ್ರಿಕ್ ಕಡೆ ಕೈ ತೋರಿಸಿ, "ಲಯ ತಪ್ತಾವ್ನೆ ಕಣ್ಲಾ" ಅಂದ. ನಾವೆಲ್ಲ ನಕ್ವಿ. ಲಯದ ಲೆಕ್ಕ ಎಲ್ಲಿ ಕಲಿತೆ ಅಂತ ಯಾರೂ ಕೇಳಲಿಲ್ಲ. ಅವರಪ್ಪ ತಮಟೆಯವರು, ಒಂದು ವಯಸ್ಸಾದ ಮೇಲೆ ಹಟ ಹಿಡಿದು ಬಿಟ್ಟವರು. ಅದನ್ನವನು ನನಗೆ ಹೇಳಿದ್ದು ಪಿಜಿ ಬಿಟ್ಟು ಎಷ್ಟೋ ವರ್ಷದ ಮೇಲೆ. ನಾಲ್ಕು ವರ್ಷ ಒಂದೇ ರೂಮಲ್ಲಿ ಮಲಗಿದೋರು ನಾವು.

2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮೂರು ಜನ ಚಪ್ಪಾಳೆ ಇಮೋಜಿ ಹಾಕಿದ್ವಿ. ಅವನು ಏನೂ ಹಾಕಲಿಲ್ಲ.

ಸಿನಿಮಾ ಮುಗಿಸಿ ಮೊನ್ನೆ ಅವನಿಗೇ ಫೋನ್ ಮಾಡಿದೆ, 'ದ ಡರ್ಟ್' ನೋಡಿದೀಯೇನೋ ಅಂತ.

"ನೋಡಿವ್ನಿ. ಆ ಡ್ರಮ್ಮರ್ ಸಾಯೋ ಗಂಟ."