ಬಿ.ಎಂ.ಶ್ರೀ ವಸಂತದಲ್ಲಿ ಉಳಿದ ಚಳಿ

ಬಿನ್ನಿಪೇಟೆಯ ಶಾಲೆಯಲ್ಲಿ ರಾಗವಾಗಿ ಹಾಡಿಸಿದ ಬಿ.ಎಂ.ಶ್ರೀಯವರ ವಸಂತದ ಪದ್ಯವನ್ನು ಬಹುಕಾಲ ಕನ್ನಡದ್ದೇ ಎಂದುಕೊಂಡಿದ್ದೆ. ಅದು ‘ಇಂಗ್ಲಿಷ್ ಗೀತಗಳು’ (1926) ಸಂಕಲನದ್ದು. ಥಾಮಸ್ ನ್ಯಾಶ್‌ನ ಕವಿತೆಯ ಅನುವಾದ. ಅಲ್ಲಿ ವಸಂತ ಚಳಿಯ ಶತ್ರು. ನಮ್ಮಲ್ಲಿ ಹೊಂಗೆ ಚಿಗುರುವುದು ಬಿಸಿಲೇರುವಾಗ. ಚಳಿಯನ್ನು ಹಗೆಯೆನ್ನಲು ನಮಗೇನು ಕಾರಣ?

ಕಳೆದ ಏಪ್ರಿಲ್ ಕೊನೆಗೆ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಒಬ್ಬಳೇ ನಡೆದಾಗ ಉತ್ತರ ಸಿಕ್ಕಿತು. ಓಕ್ ಮರಗಳು ಇನ್ನೂ ಅರೆಬೋಳು. ಮೇಲೆ ಎಲೆ ಕವಿಯುವ ಮೊದಲೇ ಬೆಳಕು ಹಿಡಿಯಲು ನೆಲದ ತುಂಬ ಬ್ಲೂಬೆಲ್ ಹೂಗಳ ನೀಲಿ. ಕೋಟಿನೊಳಗೂ ನಡುಗುತ್ತಿದ್ದೆ.

ಶ್ರೀಯವರು ಇಂಗ್ಲಿಷ್ ಕವಿತೆಯನ್ನು ಪೂರ್ತಿ ಕನ್ನಡವಾಗಿಸಿದರೆಂದು ಹೊಗಳುತ್ತೇವೆ. ಪೂರ್ತಿ ಆಗಿಸಲಿಲ್ಲ: ಹಕ್ಕಿಗಳ ಇಂಗ್ಲಿಷ್ ಕೂಗನ್ನೂ ಆ ಚಳಿಯನ್ನೂ ಹಾಗೇ ಬಿಟ್ಟರು. ಅದೇ ಅನುವಾದದ ಪ್ರಾಮಾಣಿಕತೆ. ಗಮನಿಸದೆ ಹಾಡಿಕೊಂಡು ಬಂದವರು ನಾವು.